ಮುದ್ದೆಯ ಕಬ್ಬಿಣ ರಕ್ತಕ್ಕೆ ಸೇರಲಿ

“ದಿನಾ ಎರಡು ಹೊತ್ತು ಮುದ್ದೆ ಉಣ್ತೀನಿ. ಆದ್ರೂ ರಕ್ತ ಕಮ್ಮಿ ಅಂತಾರಲ್ಲ ಮೇಡಂ?” ಮಂಡ್ಯ ಸೀಮೆಯಲ್ಲಿ ಆಹಾರತಜ್ಞೆಯಾಗಿರುವ ನನಗೆ ಗರ್ಭಿಣಿಯರು ಕೇಳುವ ಪ್ರಶ್ನೆ ಇದು. ಕೇಳುವುದು ನ್ಯಾಯವೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಕೊಟ್ಟ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿ.ಗ್ರಾಂ ಕಬ್ಬಿಣವಿದೆ. ಜೊತೆಗೆ 11 ಗ್ರಾಂ ನಾರು, 364 ಮಿ.ಗ್ರಾಂ ಕ್ಯಾಲ್ಸಿಯಂ ಕೂಡ ಇದೆ. ತೊಡಕಿರುವುದು ಈ ಸಹವಾಸದಲ್ಲೇ.

ಎಲ್ಲ ತಪ್ಪನ್ನೂ ನಾರಿನ ಮೇಲೆ ಹೊರಿಸುವುದು ಸರಿಯಲ್ಲ. ಸ್ವೀಡನ್ನಿನ ಸಂಶೋಧಕ ಹಾಲ್‌ಬರ್ಗ್ ತಂಡ 1987ರಲ್ಲಿ ಗೋಧಿ ತೌಡಿನಿಂದ ಫೈಟೇಟ್ ತೆಗೆದು ಜನರಿಗೆ ತಿನ್ನಿಸಿ ನೋಡಿತು. ಕಬ್ಬಿಣಕ್ಕಿದ್ದ ಅಡ್ಡಿ ಬಹುಪಾಲು ಹೋಯಿತು. ಫೈಟೇಟ್ ಎಂದರೆ ಕಾಳು ತನ್ನ ಮೊಳಕೆಗೆಂದು ಕೂಡಿಟ್ಟ ರಂಜಕ. ಕರುಳಿನಲ್ಲಿ ಅದು ಕಬ್ಬಿಣವನ್ನು ಹಿಡಿದು ಕರಗದಂತೆ ಮಾಡುತ್ತದೆ. ರಾಗಿಯ ಕೆಂಪು ಸಿಪ್ಪೆಯ ಟ್ಯಾನಿನ್ನೂ ಅದೇ ಕೆಲಸ ಮಾಡುತ್ತದೆ. ಒಂದೇ ಊಟದಲ್ಲಿ ಕ್ಯಾಲ್ಸಿಯಂ ಹೆಚ್ಚಾದರೆ ಅದೂ ಕಬ್ಬಿಣವನ್ನು ತಡೆಯುತ್ತದೆ.

ನಮ್ಮ ಬಾಣಂತಿಯರ ಮನೆಗಳಲ್ಲಿ ಇದಕ್ಕೆ ಉಪಾಯ ಮೊದಲಿನಿಂದಲೂ ಇದೆ. ಮಗುವಿನ ರಾಗಿ ಸರಿಗೆ ಕಾಳನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸುತ್ತಾರೆ. ಮೊಳೆಯುವಾಗ ಏಳುವ ಫೈಟೇಸ್ ಕಿಣ್ವ ಫೈಟೇಟನ್ನು ಒಡೆಯುತ್ತದೆ. ಸೋಸಿದರೆ ಸಿಪ್ಪೆಯ ಟ್ಯಾನಿನ್ ಬಟ್ಟೆಯಲ್ಲೇ ಉಳಿಯುತ್ತದೆ. ಆದರೆ ಆ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋಗಬೇಡಿ. ಮೊಳೆತಾಗ ಪಿಷ್ಟವೂ ಒಡೆದಿರುತ್ತದೆ, ಮುದ್ದೆ ನಿಲ್ಲುವುದಿಲ್ಲ. ಗಂಜಿಗೆ, ಮಾಲ್ಟಿಗೆ ಚೆನ್ನ.

ಮುದ್ದೆಗೆ ಬೇರೆ ದಾರಿಯಿದೆ. ಸೊಪ್ಪಿನ ಸಾರನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಕುದಿಸಿದರೆ ಅದರ ಸಿ ಜೀವಸತ್ವ ನಷ್ಟವಾಗುತ್ತದೆ. ಈ ಜೀವಸತ್ವ ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲೇ ಇಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಧಾರಾಳವಾಗಿರಲಿ: ಇವು ಜೊತೆಗಿದ್ದರೆ ಕಾಳಿನ ಕಬ್ಬಿಣ ಹೆಚ್ಚು ಬಿಡುಗಡೆಯಾಗುತ್ತದೆಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಪ್ರಯೋಗಾಲಯದಲ್ಲಿ ಕಂಡುಕೊಂಡಿದೆ. ಉಂಡ ಕೂಡಲೇ ಟೀ ಬೇಡ, ಒಂದು ಗಂಟೆಯಾದರೂ ತಡೆಯಿರಿ.

ಗರ್ಭಿಣಿಯರಿಗೆ ಇನ್ನೊಂದು ಮಾತು. ರಕ್ತ ಕಡಿಮೆ ಎಂದು ವೈದ್ಯರು ಹೇಳಿದ ಮೇಲೆ ಮುದ್ದೆಯೊಂದನ್ನೇ ನೆಚ್ಚಬೇಡಿ. ಕೊಟ್ಟ ಮಾತ್ರೆ ನುಂಗಿ. ಆದರೆ ಕಬ್ಬಿಣದ್ದನ್ನೂ ಕ್ಯಾಲ್ಸಿಯಮ್ಮಿನದ್ದನ್ನೂ ಒಂದೇ ಗುಕ್ಕಿಗೆ ನುಂಗದೆ, ಬೇರೆ ಬೇರೆ ಹೊತ್ತಿಗೆ ತೆಗೆದುಕೊಳ್ಳಿ.