ತಾರಸಿಯಲ್ಲಿ ಬಿಸಿಲಿದ್ದರೂ ಮನೆಯೊಳಗೆ ಕತ್ತಲೆ

2020ನೆಯ ಇಸವಿಯ ಅಕ್ಟೋಬರ್ 12ರ ಬೆಳಗ್ಗೆ ಹತ್ತು ಗಂಟೆಯ ಸುಮಾರಿಗೆ ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ವಿದ್ಯುತ್ತು ಏಕಕಾಲಕ್ಕೆ ಕಡಿದುಹೋದುದನ್ನು ವಾಚಕ ಮಹಾಶಯರು ಮರೆತಿರಲಾರರು. ಲೋಕಲ್ ಗಾಡಿಗಳು ನಿಂತಲ್ಲಿಯೇ ನಿಂತವು. ಮನೆಯೇ ಕಚೇರಿಯೂ ಶಾಲೆಯೂ ಆಗಿದ್ದ ಆ ಕೊರೋನಾ ದಿನಗಳಲ್ಲಿ, ದೀಪ ಆರಿದುದಕ್ಕಿಂತಲೂ ಇಂಟರ್‌ನೆಟ್ ನಿಂತುದೇ ಹಲವರಿಗೆ ಹೆಚ್ಚಿನ ಪೇಚಾಟವಾಯಿತು. ಮುಂಬಯಿ ವಿಶ್ವವಿದ್ಯಾನಿಲಯವು ಅಂದಿನ ಆನ್‌ಲೈನ್ ಪರೀಕ್ಷೆಗಳನ್ನು ಮುಂದೂಡಬೇಕಾಯಿತು.

ಈಚೆಗೆ ಡೊಂಬಿವಲಿಯ ಮಿತ್ರರೊಬ್ಬರು ಬಹಳ ಬೇಸರದಿಂದ ಕೇಳಿದರು: "ನಮ್ಮ ಸೊಸೈಟಿಯ ತಾರಸಿಯ ಮೇಲೆ ಸೌರಫಲಕ ಹಾಕಿಸಿದೆವು. ಆದರೂ ಕರೆಂಟು ಹೋದೊಡನೆ ಕಟ್ಟಡವೆಲ್ಲ ಕತ್ತಲೆ. ನೆತ್ತಿಯ ಮೇಲೆ ಸೂರ್ಯನಿರುವಾಗಲೂ ಹೀಗೆ! ನಮಗೆ ಮೋಸವಾಯಿತೇ?"

ಮೋಸವಲ್ಲ. ಫಲಕದಿಂದ ಬರುವುದು ಏಕಮುಖ ವಿದ್ಯುತ್ತು. ಇನ್ವರ್ಟರ್ ಅದನ್ನು ಸೆಕೆಂಡಿಗೆ ಐವತ್ತು ಆವರ್ತನೆಗಳ ಪರ್ಯಾಯ ವಿದ್ಯುತ್ತನ್ನಾಗಿಸಿ, ಬೀದಿಯ ಲೈನಿನೊಂದಿಗೆ ತಾಳ ತಪ್ಪದಂತೆ ಕೂಡಿಸುತ್ತದೆ. ಲೈನು ಸತ್ತರೆ ಆ ಯಂತ್ರವೂ ಕ್ಷಣಮಾತ್ರದಲ್ಲಿ ತಾನಾಗಿ ನಿಲ್ಲತಕ್ಕದ್ದು. ನಿಲ್ಲದಿದ್ದರೆ ನಮ್ಮ ತಾರಸಿಯ ವಿದ್ಯುತ್ತು ಹಿಮ್ಮುಖವಾಗಿ ಹರಿದು, ಕಂಬ ಹತ್ತಿ ದುರಸ್ತಿ ಮಾಡುವ ಬಡಪಾಯಿಯ ಪ್ರಾಣಕ್ಕೇ ಎರವಾದೀತು. ಆದ್ದರಿಂದ ಬ್ಯಾಟರಿಯಿಲ್ಲದ ಸೌರಫಲಕವು ಬಿಲ್ಲನ್ನು ಇಳಿಸುತ್ತದೆಯೇ ಹೊರತು ಕತ್ತಲೆಯನ್ನು ನೀಗುವುದಿಲ್ಲ. ನಮ್ಮವರು ತಪ್ಪು ತಿಳಿಯುವುದಕ್ಕೂ ಕಾರಣವುಂಟು. ಊರಿನ ಕಡೆ 1995ರಿಂದ ಸೆಲ್ಕೊ ಸಂಸ್ಥೆಯವರು ಮನೆಮನೆಗೆ ಒದಗಿಸಿದ ಸೌರದೀಪಗಳಲ್ಲಿ ಬ್ಯಾಟರಿ ಇದ್ದೇ ಇತ್ತು. ಸಂಸ್ಥೆಯ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದುದು ಈ ಕೆಲಸಕ್ಕಾಗಿಯೇ. ಅದನ್ನು ಕಂಡವರು ಇಲ್ಲಿಯೂ ಹಾಗೆಯೇ ಎಂದು ಭಾವಿಸುವುದು ಸಹಜ.

ಇನ್ನು ದೂರವಾಣಿಯ ಮಾತು. ನಾನು ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ, ಕರೆಂಟು ಹೋಗಿ ಗಿರಾಕಿಗಳು ಮೋಂಬತ್ತಿಯ ಬೆಳಕಿನಲ್ಲಿ ದೋಸೆ ತಿನ್ನುತ್ತಿದ್ದಾಗಲೂ ಫೋನು ಮಾತ್ರ ಟ್ರಿಣ್ ಎನ್ನುತ್ತಲೇ ಇತ್ತು. ಇದರ ಗುಟ್ಟು ನನಗೆ ಬಹಳ ಕಾಲ ತಿಳಿದಿರಲಿಲ್ಲ. ಎಕ್ಸ್‌ಚೇಂಜಿನಲ್ಲಿದ್ದ 48 ವೋಲ್ಟಿನ ಬ್ಯಾಟರಿಗಳಿಂದ, ಮಾತು ಬರುವ ಅದೇ ತಾಮ್ರದ ತಂತಿಯಲ್ಲಿ ವಿದ್ಯುತ್ತೂ ಬರುತ್ತಿತ್ತು. ನಮ್ಮ ಕಿತ್ತೂರಿನಲ್ಲಿಯೇ 1986ರಲ್ಲಿ ಸಿ-ಡಾಟ್ ಸಂಸ್ಥೆಯು ತನ್ನ ಮೊದಲ ಗ್ರಾಮೀಣ ಇಲೆಕ್ಟ್ರಾನಿಕ್ ಎಕ್ಸ್‌ಚೇಂಜನ್ನು ಸ್ಥಾಪಿಸಿದಾಗ, ಹವಾನಿಯಂತ್ರಣವಿಲ್ಲದೆ ಹಳ್ಳಿಯ ಸೆಕೆಯನ್ನು ತಾಳುವಂತೆ ಅದನ್ನು ರೂಪಿಸಲಾಗಿತ್ತು. ವಿದ್ಯುತ್ತಿನ ಅಭಾವವನ್ನು ಮುಂಚಿತವಾಗಿ ಲೆಕ್ಕಕ್ಕೆ ಹಿಡಿದ ಇಂಜಿನಿಯರಿಂಗ್ ಅದು.

ಇಂದಿನ ಫೈಬರ್ ಎಂಬ ಗಾಜಿನ ಎಳೆಯು ಬೆಳಕನ್ನು ಒಯ್ಯುತ್ತದೆ, ವಿದ್ಯುತ್ತನ್ನು ಒಯ್ಯದು. ಗೋಡೆಗೆ ಜೋಡಿಸಿದ ಪೆಟ್ಟಿಗೆ ನಮ್ಮ ಮನೆಯ ಕರೆಂಟನ್ನೇ ನಂಬಿದೆ. ಅದಕ್ಕೆ ಬೇಕಾದುದಾದರೂ ಎಷ್ಟು? ಸುಮಾರು 15 ವಾಟ್. ಎಂಟು ಗಂಟೆಗೆ 120 ವಾಟ್-ಗಂಟೆ. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ 1,200 ವಾಟ್-ಗಂಟೆಗಳಷ್ಟು ಶಕ್ತಿಯಿದೆ. ಅದರಲ್ಲಿ ಅರ್ಧವನ್ನು ಮಾತ್ರ ಬಳಸಿದರೂ ನಾಲ್ಕೈದು ಮನೆಗಳ ಪೆಟ್ಟಿಗೆಗಳು ಎಂಟು ಗಂಟೆ ನಡೆದಾವು. ಬ್ಯಾಟರಿ ಸಹಿತವಾದ ಹೈಬ್ರಿಡ್ ಇನ್ವರ್ಟರನ್ನು ಅಳವಡಿಸಿದರೆ, ಲೈನಿನಿಂದ ಕಳಚಿಕೊಂಡು ಇಂತಹ ಪೆಟ್ಟಿಗೆಗಳನ್ನೂ ಇಂಟರ್‌ಕಾಮನ್ನೂ ಮೆಟ್ಟಲಿನ ದೀಪಗಳನ್ನೂ ನಡೆಸಬಹುದು. ಹಗಲಿನಲ್ಲಿ ಬ್ಯಾಟರಿಯನ್ನು ಸೂರ್ಯನೇ ತುಂಬಿಸುತ್ತಾನೆ. ಲಿಫ್ಟು, ಪಂಪುಗಳ ಹಸಿವು ಬೇರೆ. ಅವಕ್ಕೆ ಈ ಲೆಕ್ಕ ಸಾಲದು.

ಒಂದು ಸೂಕ್ಷ್ಮವುಂಟು. ಕೆಲವು ಕಟ್ಟಡಗಳಲ್ಲಿ ಫೈಬರನ್ನು ಕವಲೊಡೆಯುವ ಸಾಧನಕ್ಕೆ ವಿದ್ಯುತ್ತೇ ಬೇಡ. ಇನ್ನು ಕೆಲವೆಡೆ ಕೇಬಲಿನವರು ಮೆಟ್ಟಲ ಬುಡದಲ್ಲಿಯೋ ತಾರಸಿಯಲ್ಲಿಯೋ ಒಂದು ಸ್ವಿಚ್ ಪೆಟ್ಟಿಗೆಯನ್ನಿಟ್ಟು, ಅಲ್ಲಿಂದ ಮನೆಗಳಿಗೆ ತಂತಿ ಎಳೆದಿರುತ್ತಾರೆ. ಆ ಪೆಟ್ಟಿಗೆಗೆ ಬ್ಯಾಟರಿಯ ಆಸರೆಯಿಲ್ಲದಿದ್ದರೆ ಮನೆಯೊಳಗೆ ಎಷ್ಟು ಏರ್ಪಾಟು ಮಾಡಿಕೊಂಡರೂ ವ್ಯರ್ಥ. ನಿಮ್ಮ ಕಟ್ಟಡದಲ್ಲಿರುವುದು ಯಾವುದೆಂದು ಮೊದಲು ವಿಚಾರಿಸಿಕೊಳ್ಳಿರಿ.

ಕೇಂದ್ರ ಸರಕಾರದ ಸೌರನಗರ ಯೋಜನೆಯಲ್ಲಿ ಠಾಣೆಯೂ ಕಲ್ಯಾಣ್-ಡೊಂಬಿವಲಿಯೂ ಸೇರಿದ್ದವು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯು ಹೌಸಿಂಗ್ ಸೊಸೈಟಿಗಳ ಸಾಮೂಹಿಕ ಉಪಯೋಗಕ್ಕೆ ಕಿಲೋವಾಟಿಗೆ 18,000 ರೂಪಾಯಿಗಳ ಸಹಾಯಧನವನ್ನು ಗೊತ್ತುಪಡಿಸಿತು. ಕಿಲೋವಾಟಿಗೆ ಸುಮಾರು ನೂರು ಚದರಡಿ ತಾರಸಿ ಬೇಕು. ಸಹಾಯಧನದ ಲೆಕ್ಕ ಸೌರಫಲಕದ ಸಾಮರ್ಥ್ಯಕ್ಕೆ ಮಾತ್ರ. ಬ್ಯಾಟರಿಯ ಖರ್ಚು ಸೊಸೈಟಿಯದೇ. ಆದುದರಿಂದ ಕೊಟೇಶನ್ ತರಿಸುವಾಗ, ಲೈನು ಹೋದಾಗ ಏನೇನು ನಡೆಯುವುದು, ಎಷ್ಟು ಹೊತ್ತು ನಡೆಯುವುದು ಎಂಬೆರಡು ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ಪಡೆದ ಮೇಲೆಯೇ ಮಹಾಸಭೆಯ ಮುಂದಿಡುವುದು ಲೇಸು.