ರೋಮನ್ ಕಂಚಿನ ನಾಣ್ಯಗಳ ಸಂಗ್ರಹ: ಒಂದು ವಿವೇಚನೆ

ರೋಮನ್ ನಾಣ್ಯಗಳೆಂದೊಡನೆ ಕಣ್ಣಿಗೆ ಕಟ್ಟುವುದು ಚಿನ್ನದ ಔರಿಯಸ್, ಬೆಳ್ಳಿಯ ದಿನಾರಿಯಸ್. ಕಿಲುಬು ಹಿಡಿದ ಕಂಚಿಗೆ ಆ ಆದರ ಸಲ್ಲುವುದಿಲ್ಲ. ಆದರೆ ರೊಟ್ಟಿ ಕೊಳ್ಳುವುದಕ್ಕೂ ಸ್ನಾನಗೃಹದ ಶುಲ್ಕ ತೆರುವುದಕ್ಕೂ ಸಾಮಾನ್ಯ ಪ್ರಜೆಯ ಕೈಯಲ್ಲಿದ್ದುದು ಇವೇ. ಇಂದಿಗೂ ಇವು ಹೇರಳವಾಗಿ, ಅಲ್ಪ ಬೆಲೆಗೆ ದೊರೆಯುವುದರಿಂದ ಪಾಶ್ಚಾತ್ಯ ದೇಶಗಳ ಹೊಸ ಸಂಗ್ರಾಹಕರನೇಕರು ಇವುಗಳಿಂದಲೇ ಆರಂಭಿಸುತ್ತಾರೆ. ಈ ಹವ್ಯಾಸವು ಇತಿಹಾಸಕ್ಕೆ ನೆರವಾಗುವುದು ಯಾವಾಗ, ಹಾನಿ ತರುವುದು ಯಾವಾಗ ಎಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

‘ಕಂಚು’ ಎಂಬುದು ಇಲ್ಲಿ ರೂಢಿಯ ಮಾತು. ಆಗಸ್ಟಸ್ ಚಕ್ರವರ್ತಿಯ ಸುಧಾರಣೆಯ ತರುವಾಯ ಸೆಸ್ಟರ್ಷಿಯಸ್ ಹಿತ್ತಾಳೆಯದಾಯಿತು, ಆಸ್ ತಾಮ್ರದ್ದಾಯಿತು. ವಿದ್ಯಾರ್ಥಿಗೆ ಹೆಚ್ಚು ಉಪಯುಕ್ತವಾದವು ನಾಲ್ಕನೆಯ ಶತಮಾನದ ಸಣ್ಣ ನಾಣ್ಯಗಳೆಂದು ನಮ್ಮ ಅಭಿಪ್ರಾಯ. ಕ್ರಿ.ಶ. 294ರ ಸುಮಾರಿಗೆ ಡಯೊಕ್ಲೀಷಿಯನ್ ಹೊರಡಿಸಿದ ನಾಣ್ಯ ಸುಮಾರು 10 ಗ್ರಾಂ ತೂಗುತ್ತಿತ್ತು. ಅದರಲ್ಲಿ ತುಸು ಬೆಳ್ಳಿಯೂ ಬೆರೆತಿತ್ತು. 330ರಲ್ಲಿ ಕಾನ್‌ಸ್ಟಂಟೈನನು ಆರಂಭಿಸಿದ, ‘ಸೈನ್ಯದ ಕೀರ್ತಿ’ ಎಂಬರ್ಥದ ಲ್ಯಾಟಿನ್ ಬರೆಹವುಳ್ಳ ನಾಣ್ಯದ ತೂಕ ಸುಮಾರು ಎರಡೂವರೆ ಗ್ರಾಂ ಮಾತ್ರ. ಅದರ ಹಿಂಬದಿಯಲ್ಲಿ ಇಬ್ಬರು ಯೋಧರು, ನಡುವೆ ಎರಡು ಸೇನಾಧ್ವಜಗಳು. ಐದಾರು ವರ್ಷಗಳಲ್ಲಿ ತೂಕ ಮತ್ತೆ ಇಳಿದಾಗ ಧ್ವಜವೂ ಒಂದೇ ಆಯಿತು! ಹಣದ ಅಪಮೌಲ್ಯವನ್ನು ತಕ್ಕಡಿಯಿಲ್ಲದೆ ಬರಿಗಣ್ಣಿನಿಂದಲೇ ಕಾಣಬಹುದಾದ ಇಂಥ ನಿದರ್ಶನ ವಿರಳ. ಕೆಳ ಅಂಚಿನ ಅಕ್ಷರಗಳು ಟ್ರಿಯರ್, ಸಿಸ್ಕಿಯಾ, ಅಂತಿಯೋಕ್ ಮೊದಲಾದ ಟಂಕಸಾಲೆಗಳನ್ನು ಸೂಚಿಸುತ್ತವೆ.

ನಮ್ಮ ಮನೆಗಳಲ್ಲಿ ತಾಮ್ರದ ಚೊಂಬನ್ನು ಹುಣಸೆಹಣ್ಣಿನಿಂದ ಬೆಳಗುವಂತೆ ಇವನ್ನು ಬೆಳಗಬಾರದು. ಬರೆಹದ ಸೂಕ್ಷ್ಮ ರೇಖೆಗಳು ಎಷ್ಟೋ ವೇಳೆ ಹಸಿರು ಪೊರೆಯಲ್ಲಿಯೇ ಉಳಿದಿರುತ್ತವೆ. ಆಮ್ಲ ತಗುಲಿದರೆ ಎರಡೂ ಹೋಗುತ್ತವೆ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಕ್ಲೋರೈಡಿನಿಂದ ಉಂಟಾಗುವ ‘ಕಂಚಿನ ರೋಗ’. ಅಂಥದನ್ನು ತೇವ ಸೋಕದಂತೆ ಬೇರೆ ಇಡಬೇಕು.

ಇದಕ್ಕಿಂತ ದೊಡ್ಡ ಹಾನಿ ನಾಣ್ಯವನ್ನು ಮಣ್ಣಿನಿಂದ ತೆಗೆಯುವಾಗಲೇ ಆಗುತ್ತದೆ. 2010ರಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತದ ಫ್ರೂಮ್ ಬಳಿ, ಲೋಹಶೋಧಕ ಯಂತ್ರ ಹಿಡಿದ ಹವ್ಯಾಸಿಯೊಬ್ಬನಿಗೆ ಹೊಲದಲ್ಲಿ ಹೂತ ಮಡಕೆಯ ಸುಳಿವು ದೊರೆಯಿತು. ಆತನು ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ಪುರಾತತ್ತ್ವಜ್ಞರನ್ನು ಕರೆಯಿಸಿದನು. ಪದರಪದರವಾಗಿ ತೆಗೆದಾಗ ದೊರೆತವು 52,503 ನಾಣ್ಯಗಳು, ತೂಕ ಸುಮಾರು 160 ಕಿಲೋಗ್ರಾಂ. ಬಹುಪಾಲು ಮೂರನೆಯ ಶತಮಾನದ, ಬೆಳ್ಳಿ ಹೆಸರಿಗಷ್ಟೇ ಉಳಿದಿದ್ದ ನಾಣ್ಯಗಳು. ಅತ್ಯಂತ ಈಚಿನವು, ದಂಗೆಯೆದ್ದು 286ರಿಂದ 293ರವರೆಗೆ ಬ್ರಿಟನ್ನನ್ನು ಆಳಿದ ಕರೌಸಿಯಸ್‌ನವು. ಕಾಲಕ್ರಮದಂತೆ ಇವು ಮೇಲ್ಭಾಗದಲ್ಲಿರಬೇಕಷ್ಟೆ? ಹೆಚ್ಚಿನವು ಮಡಕೆಯ ಅರ್ಧಕ್ಕಿಂತ ಕೆಳಗೆ ದೊರೆತವು. ಎಂದರೆ ಇದು ವರ್ಷವರ್ಷವೂ ಕೂಡಿಟ್ಟ ಗಂಟಲ್ಲ, ಒಂದೇ ಸಲ ಸುರಿದುದು. ದೇವತೆಗೆ ಒಪ್ಪಿಸಿದ ಕಾಣಿಕೆಯಿರಬಹುದೆಂದೂ ವಿದ್ವಾಂಸರು ಊಹಿಸಿದ್ದಾರೆ. ಎಲ್ಲವನ್ನೂ ಚೀಲಕ್ಕೆ ಸುರಿದು ಒಯ್ದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಬೆಳ್ಳಿಯ ನಾಣ್ಯಕ್ಕೂ ಈ ಮಾತು ಸಲ್ಲುತ್ತದೆ: 1947ರಲ್ಲಿ ಮಾರ್ಟಿಮರ್ ವೀಲರರು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ದೊರೆತ ಟೈಬೀರಿಯಸ್‌ನ ದಿನಾರಿಯಸ್ ಆ ನೆಲೆಯ ಕಾಲನಿರ್ಣಯಕ್ಕೆ ನೆರವಾದುದು, ಅದು ಯಾವ ಸ್ತರದ್ದೆಂದು ಗುರುತಿಸಿದ್ದುದರಿಂದ.

ಮಾರುಕಟ್ಟೆಗೆ ಬರುವ, ತೊಳೆಯದ ನಾಣ್ಯಗಳ ರಾಶಿಗಳಿಗೆ ಸಾಮಾನ್ಯವಾಗಿ ಇಂಥ ಗುರುತೇನೂ ಇರುವುದಿಲ್ಲ. ಅವನ್ನು ಕೊಳ್ಳುವುದನ್ನು ನಾವು ಅನುಮೋದಿಸಲಾರೆವು. ಹಳೆಯ ಸಂಗ್ರಹಗಳಿಂದ ದಾಖಲೆ ಸಹಿತ ಬಂದುದನ್ನು ಕೊಂಡವರು ತೂಕ, ವ್ಯಾಸ, ಬರೆಹ, ಟಂಕಸಾಲೆಗಳೊಡನೆ ಅದು ದೊರೆತ ಸ್ಥಳವನ್ನೂ ಕೈಬದಲಾದ ಕ್ರಮವನ್ನೂ ಲಕೋಟೆಯ ಮೇಲೆ ಬರೆದಿಡಬೇಕು. ಸ್ಥಳ ತಿಳಿಯದಿದ್ದಲ್ಲಿ ತಿಳಿಯದೆಂದೇ ಬರೆಯಬೇಕು.