ಚೆಂಡು ಬಲಕ್ಕೇ ಏಕೆ ಹೋಗುತ್ತದೆ?

ಭಾನುವಾರ ಬೆಳಿಗ್ಗೆ ಫೋನ್ ಏಕೆ ಎತ್ತುವುದಿಲ್ಲ ಎಂದು ನನ್ನ ತರಗತಿಯ ಸ್ನೇಹಿತರು ಕೇಳುತ್ತಿರುತ್ತಾರೆ. ಗಾಲ್ಫ್ ಮೈದಾನದಲ್ಲಿರುತ್ತೇನೆ ಎಂದರೆ ನಗುತ್ತಾರೆ. ಅವರು ನಗುವುದರಲ್ಲಿ ತಪ್ಪಿಲ್ಲ, ಏಕೆಂದರೆ ನಾನು ಅಲ್ಲಿಗೆ ಹೋಗುವುದು ಆಡಲಿಕ್ಕಲ್ಲ. ನನ್ನ ಮಾಮು ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕ್ಯಾಡಿ. ಆಡುವವರ ಚೀಲ ಹೊತ್ತುಕೊಂಡು ಅವರ ಜೊತೆ ಇಡೀ ಮೈದಾನ ನಡೆಯುವುದು ಅವರ ಕೆಲಸ. ಅಭ್ಯಾಸಕ್ಕೆಂದು ಸಾಲಾಗಿ ನಿಂತು ಚೆಂಡು ಹೊಡೆಯುವ ಜಾಗಕ್ಕೆ ಡ್ರೈವಿಂಗ್ ರೇಂಜ್ ಎನ್ನುತ್ತಾರೆ. ಅಲ್ಲಿ ಬಿದ್ದ ಚೆಂಡುಗಳನ್ನು ಬುಟ್ಟಿಗೆ ತುಂಬುವುದು ನನ್ನ ಕೆಲಸ. ಪುಸ್ತಕದ ಖರ್ಚು ಅದರಲ್ಲಿ ಆಗುತ್ತದೆ.

ಕೆಲಸಕ್ಕೆ ಸೇರಿದ ಎರಡನೇ ವಾರದಲ್ಲೇ ಒಂದು ವಿಷಯ ಗಮನಕ್ಕೆ ಬಂತು. ಎಡಗಡೆಯ ಬಲೆಯ ಹತ್ತಿರ ಒಂದು ಬುಟ್ಟಿ ತುಂಬುವಷ್ಟರಲ್ಲಿ ಬಲಗಡೆ ಮೂರು ಬುಟ್ಟಿ ತುಂಬುತ್ತಿದ್ದವು. ಮಾಮುವನ್ನು ಕೇಳಿದೆ. "ಅದು ಸ್ಲೈಸ್ ಬೇಟಾ. ದೊಡ್ಡ ಸಾಹೇಬರಿಗೂ ಅದೇ, ಹೊಸಬರಿಗೂ ಅದೇ" ಎಂದರು.

ಬಲಗೈ ಆಟಗಾರ ಹೊಡೆದ ಚೆಂಡು ಗಾಳಿಯಲ್ಲಿ ಕುಡುಗೋಲಿನ ಹಾಗೆ ಬಲಕ್ಕೆ ಬಾಗಿಕೊಂಡು ಹೋದರೆ ಅದು ಸ್ಲೈಸ್. ಎಡಗೈಯವರಿಗೆ ಎಡಕ್ಕೆ ಬಾಗುತ್ತದೆ. ನಾನು ಬಲಗೈಯವನು, ಆದ್ದರಿಂದ ಮುಂದೆ ಬರೆಯುವುದೆಲ್ಲ ಬಲಗೈ ಲೆಕ್ಕದಲ್ಲೇ. ಗಾಲ್ಫಿನಲ್ಲಿ ಹೊಡೆಯುವ ಕೋಲಿಗೂ ಕ್ಲಬ್ ಎಂದೇ ಹೆಸರು. ಗೊಂದಲ ಬೇಡವೆಂದು ಕೋಲು ಎಂದೇ ಬರೆಯುತ್ತೇನೆ.

ನಮ್ಮ ಮೈದಾನಕ್ಕೆ ಸೋಮವಾರ ರಜೆ. ಆ ದಿನ ಕ್ಯಾಡಿಗಳು ಆಡಬಹುದು. ದಸರಾ ರಜೆಯ ಒಂದು ಸೋಮವಾರ ಮಾಮು ನನ್ನ ಕೈಗೂ ಒಂದು ಹಳೆಯ ಡ್ರೈವರ್ ಕೊಟ್ಟರು. ಎಲ್ಲ ಕೋಲುಗಳಿಗಿಂತ ಉದ್ದವಾದ, ದಪ್ಪ ತಲೆಯ ಕೋಲು ಅದು. ಮೊದಲ ಐದಾರು ಚೆಂಡು ಹೇಗೋ ಹೋದವು. ಏಳನೆಯದನ್ನು ಬಲವೆಲ್ಲ ಹಾಕಿ ಹೊಡೆದೆ. ಅದು ಬಲಕ್ಕೆ ಬಾಗಿ, ಬಲೆಯ ಮೇಲಿನಿಂದ ಹಾರಿ, ಹಿಂದಿನ ಬೀದಿಗೆ ಹೋಯಿತು. ಶೀಟಿನ ಮೇಲೆ ಬಿದ್ದ ಸದ್ದು ನಾನು ನಿಂತಲ್ಲಿಗೇ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಒಬ್ಬ ಅಜ್ಜಿ ಗೇಟಿನ ಹತ್ತಿರ ಬಂದರು. ಕೈಯಲ್ಲಿ ಚೆಂಡು ಇತ್ತು. "ಯಾರಪ್ಪಾ ಹೊಡೆದಿದ್ದು? ಕೂಸು ಬಾಗಿಲಲ್ಲೇ ಕೂತು ಆಡ್ತಿತ್ತು" ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ಮೀರಬಾರದು ಎಂದು ನಿಯಮವಿದೆ. ಕ್ರಿಕೆಟ್ ಚೆಂಡಿನ ಮೂರನೇ ಒಂದು ಭಾಗವೂ ಅಲ್ಲ. ಆದರೆ ಸಾಧಾರಣ ಆಟಗಾರ ಡ್ರೈವರಿನಿಂದ ಹೊಡೆದರೂ ಅದು ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ. ಶೀಟು ಸೀಳಿತ್ತು. ಅದನ್ನು ನನ್ನ ಕೂಲಿಯಲ್ಲೇ ಬದಲಾಯಿಸಿಕೊಟ್ಟೆ. ಅಮ್ಮಿ ಜೊತೆಗೆ ಬಂದು ಅಜ್ಜಿಯ ಕೈ ಹಿಡಿದು ಮಾಫಿ ಕೇಳಿದರು. ಮಾಮು ಡ್ರೈವರನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. "ನೆಟ್ಟಗೆ ಹೊಡೆಯೋದು ಕಲಿಯೋವರೆಗೆ ಇದು ನಿನಗಿಲ್ಲ" ಎಂದು ಏಳನೇ ನಂಬರಿನ ಐರನ್ ಕೈಗೆ ಕೊಟ್ಟರು.

ಆಮೇಲಿನ ಆರು ವಾರಗಳಲ್ಲಿ ನಾನು ಕಲಿತದ್ದು ಇದು.

ಚೆಂಡಿಗೂ ಕೋಲಿಗೂ ಸಂಪರ್ಕ ಇರುವುದು ಸೆಕೆಂಡಿನ ಸುಮಾರು ಎರಡು ಸಾವಿರದ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಯಾರೂ ಏನನ್ನೂ ತಿದ್ದಲಾರರು. ಆ ಕ್ಷಣದಲ್ಲಿ ಚೆಂಡು ನೋಡುವುದು ಎರಡೇ ಸಂಗತಿ: ಕೋಲಿನ ಮುಖ ಎತ್ತ ನೋಡುತ್ತಿದೆ, ಕೋಲು ಎತ್ತ ಸಾಗುತ್ತಿದೆ. ಮೊದಲನೆಯದನ್ನು ಮುಖ ಎನ್ನೋಣ, ಎರಡನೆಯದನ್ನು ಹಾದಿ ಎನ್ನೋಣ. ಕೋಲು ಸಾಗುವ ದಿಕ್ಕಿಗೆ ಚೆಂಡು ಹೊರಡುತ್ತದೆ, ಆಮೇಲೆ ಮುಖ ನೋಡಿದ ಕಡೆಗೆ ಬಾಗುತ್ತದೆ ಎಂದು ಬಹಳ ಕಾಲ ಪುಸ್ತಕಗಳಲ್ಲೂ ಬರೆದಿತ್ತು, ತರಬೇತುದಾರರೂ ಹೇಳಿಕೊಡುತ್ತಿದ್ದರು. ರೇಡಾರ್ ಯಂತ್ರಗಳಿಂದ ಚೆಂಡನ್ನು ಅಳೆಯತೊಡಗಿದ ಮೇಲೆ ಇದು ತಲೆಕೆಳಗಾಯಿತು. ಚೆಂಡು ಹೊರಡುವ ದಿಕ್ಕನ್ನು ಹೆಚ್ಚಾಗಿ ನಿರ್ಧರಿಸುವುದು ಮುಖ. ಡ್ರೈವರಿನಲ್ಲಿ ಅದರ ಪಾಲು ಸುಮಾರು 85 ಶೇಕಡಾ, ಐರನ್‌ನಲ್ಲಿ ಸುಮಾರು 75. ಬಾಗುವಿಕೆ ಬರುವುದು ಮುಖಕ್ಕೂ ಹಾದಿಗೂ ಇರುವ ವ್ಯತ್ಯಾಸದಿಂದ. ಹಾದಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ.

ಇದರಲ್ಲಿ ಒಂದು ವಿಚಿತ್ರವಿದೆ. ಕೋಲಿನ ಹಾದಿ ಗುರಿಗಿಂತ 6 ಡಿಗ್ರಿ ಎಡಕ್ಕಿದೆ ಎಂದುಕೊಳ್ಳಿ. ಮುಖ ಗುರಿಗಿಂತ 1 ಡಿಗ್ರಿ ಎಡಕ್ಕಿದೆ. ಎರಡೂ ಎಡವೇ. ಆದರೂ ಹಾದಿಗೆ ಹೋಲಿಸಿದರೆ ಮುಖ 5 ಡಿಗ್ರಿ ಬಲಕ್ಕೆ ತೆರೆದಿದೆ. ಆದ್ದರಿಂದ ಚೆಂಡು ಸ್ವಲ್ಪ ಎಡಕ್ಕೆ ಹೊರಟು ಆಮೇಲೆ ಬಲಕ್ಕೆ ಬಾಗುತ್ತದೆ. ಇದನ್ನು ನಂಬಲು ನನಗೆ ಎರಡು ದಿನ ಬೇಕಾಯಿತು. ನೋಟ್‌ಬುಕ್ಕಿನ ಹಿಂದೆ ಎಷ್ಟೋ ಸಲ ಗೆರೆ ಹಾಕಿ ನೋಡಿದೆ.

ಬಾಗುವುದು ಗಾಳಿಯ ಕೆಲಸ. ಹೊಡೆತಕ್ಕೆ ಸಿಕ್ಕ ಚೆಂಡು ಹಿಮ್ಮುಖವಾಗಿ ತಿರುಗುತ್ತ ಹೋಗುತ್ತದೆ, ಅದರಿಂದಲೇ ಮೇಲೆ ತೇಲುತ್ತದೆ. 1890ರ ದಶಕದಲ್ಲೇ ಎಡಿನ್‌ಬರೋದ ಭೌತಶಾಸ್ತ್ರ ಪ್ರಾಧ್ಯಾಪಕ ಪೀಟರ್ ಗತ್ರಿ ಟೇಟ್ ಇದರ ಬಗ್ಗೆ ಬರೆದಿದ್ದರು. ಅವರ ಮಗ ಫ್ರೆಡ್ಡಿ ಟೇಟ್ ಬ್ರಿಟನ್ನಿನ ಅಮೆಚೂರ್ ಚಾಂಪಿಯನ್‌ಷಿಪ್ಪನ್ನು 1896 ಮತ್ತು 1898ರಲ್ಲಿ ಗೆದ್ದವರು. ಮನೆಯಲ್ಲೇ ಪ್ರಯೋಗಶಾಲೆ ಇದ್ದ ಹಾಗೆ. ಮುಖ ತೆರೆದಿದ್ದರೆ ಆ ತಿರುಗುವಿಕೆಯ ಅಕ್ಷ ಬಲಕ್ಕೆ ವಾಲುತ್ತದೆ, ವಾಲಿದ ಕಡೆಗೆ ಚೆಂಡೂ ಬಾಗುತ್ತದೆ. ಫುಟ್‌ಬಾಲಿನಲ್ಲಿ ಫ್ರೀ ಕಿಕ್ ಹೊಡೆಯುವವರು ಗೋಡೆಯನ್ನು ಸುತ್ತಿಸಿ ಚೆಂಡು ಕಳಿಸುವುದೂ ಇದೇ ತತ್ವದಿಂದ. ಏಳನೇ ಐರನ್‌ನ ಮುಖ ಮೇಲಕ್ಕೆ ಚೆನ್ನಾಗಿ ಓರೆಯಾಗಿರುವುದರಿಂದ ಹಿಮ್ಮುಖ ತಿರುಗುವಿಕೆ ಜಾಸ್ತಿ, ಅಕ್ಷ ಕಡಿಮೆ ವಾಲುತ್ತದೆ. ಡ್ರೈವರಿನ ಓರೆ ಹತ್ತು ಡಿಗ್ರಿಯ ಆಸುಪಾಸು ಮಾತ್ರ. ಅದೇ ತಪ್ಪು ಅಲ್ಲಿ ದೊಡ್ಡದಾಗಿ ಕಾಣುತ್ತದೆ. ಮಾಮು ಡ್ರೈವರನ್ನು ಕಸಿದುಕೊಂಡದ್ದು ಶಿಕ್ಷೆ ಎಂದುಕೊಂಡಿದ್ದೆ. ಅದು ಪಾಠವೂ ಆಗಿತ್ತು.

ಈಗ ನಾವು ವಾಣಿಜ್ಯ ವಿಭಾಗದವರಿಗೆ ಬೇಗ ಅರ್ಥವಾಗುವ ಭಾಗಕ್ಕೆ ಬರುತ್ತೇನೆ. ಚೆಂಡು ಬಲಕ್ಕೆ ಹೋಗುತ್ತಿದೆ ಎಂದು ಗೊತ್ತಾದ ಕೂಡಲೇ ಯಾರಾದರೂ ಏನು ಮಾಡುತ್ತಾರೆ? ಎಡಕ್ಕೆ ತಿರುಗಿ ನಿಲ್ಲುತ್ತಾರೆ. ನಾನೂ ಅದನ್ನೇ ಮಾಡಿದೆ. ಇದು ಟ್ರಯಲ್ ಬ್ಯಾಲೆನ್ಸ್ ಹೊಂದದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿದ ಹಾಗೆ. ಎರಡೂ ಕಡೆಯ ಮೊತ್ತ ಸರಿಹೋಗುತ್ತದೆ, ತಪ್ಪು ಮಾತ್ರ ಲೆಡ್ಜರಿನಲ್ಲಿ ಇದ್ದಲ್ಲೇ ಇರುತ್ತದೆ. ಗಾಲ್ಫಿನಲ್ಲಿ ಇನ್ನೂ ಕೆಟ್ಟದ್ದು ಆಗುತ್ತದೆ. ಎಡಕ್ಕೆ ತಿರುಗಿ ನಿಂತಷ್ಟೂ ಹಾದಿ ಎಡಕ್ಕೆ ಹೋಗುತ್ತದೆ, ಮುಖಕ್ಕೂ ಹಾದಿಗೂ ಇರುವ ಅಂತರ ಹೆಚ್ಚುತ್ತದೆ, ಚೆಂಡು ಇನ್ನಷ್ಟು ಬಾಗುತ್ತದೆ. ಮತ್ತೆ ಇನ್ನಷ್ಟು ಎಡಕ್ಕೆ ತಿರುಗುತ್ತೇವೆ. ನಮ್ಮ ರೇಂಜ್‌ನಲ್ಲಿ ಹೀಗೆ ಎಡಬದಿಯ ಬಲೆಗೇ ಗುರಿಯಿಟ್ಟು ಬಲಬದಿಯ ಬಲೆಗೆ ಹೊಡೆಯುವವರನ್ನು ನೋಡಿದ್ದೇನೆ.

ಕೋಲು ಹೊರಗಿನಿಂದ ಒಳಕ್ಕೆ, ಅಂದರೆ ಎಡಕ್ಕೆ ಎಳೆದುಕೊಂಡು ಬರುವುದೇ ಮೂಲ ರೋಗ ಎಂದು ನಾನು ತಿಳಿದಿದ್ದೆ. ಮಾಮು ಒಪ್ಪಲಿಲ್ಲ. "ನಿನ್ನ ಮೈಗೆ ಗೊತ್ತು ಚೆಂಡು ಬಲಕ್ಕೆ ಹೋಗುತ್ತೆ ಅಂತ. ಅದಕ್ಕೇ ಪಾಪ ಎಡಕ್ಕೆ ಎಳೀತದೆ. ಮೊದಲು ಕೈ ಸರಿ ಮಾಡು, ಮೈಯನ್ನು ಆಮೇಲೆ ನೋಡೋಣ" ಎಂದರು. ಅಂದರೆ ಮುಖ ಮೊದಲು, ಹಾದಿ ನಂತರ. ಈ ಕ್ರಮ ತಪ್ಪಿಸಿದವರು ವರ್ಷಗಟ್ಟಲೆ ಒದ್ದಾಡುತ್ತಾರೆ ಎಂಬುದು ಅವರ ಅನುಭವ.

ಮುಖ ಸರಿಯಾಗುವುದು ಹಿಡಿತದಿಂದ. ಕ್ರಿಕೆಟ್ ಬ್ಯಾಟ್ ಹಿಡಿದು ಬೆಳೆದ ನನ್ನ ಎಡಗೈ ಕೋಲಿನ ಮೇಲೆ ತೀರಾ ಎಡಕ್ಕೆ ತಿರುಗಿ ಕೂರುತ್ತಿತ್ತು. ಮೇಲಿನಿಂದ ನೋಡಿದರೆ ಒಂದೇ ಬೆರಳಿನ ಗೆಣ್ಣು ಕಾಣುತ್ತಿತ್ತು. ಒಮ್ಮೆ ಎದ್ದು ನಿಂತು ಕೈಗಳನ್ನು ಸಡಿಲವಾಗಿ ಇಳಿಬಿಡಿ. ಎಡಗೈಯ ಹಿಂಭಾಗ ಸ್ವಲ್ಪ ಮುಂದಕ್ಕೆ ತಿರುಗಿರುವುದು ಕಾಣುತ್ತದೆ. ಹೊಡೆಯುವ ರಭಸದಲ್ಲಿ ಕೈ ಈ ಸಹಜ ಸ್ಥಿತಿಗೇ ಮರಳುತ್ತದೆ. ಹಿಡಿಯುವಾಗಲೇ ಬೇರೆ ರೀತಿ ಹಿಡಿದಿದ್ದರೆ, ಕೈ ಮರಳುವಾಗ ಕೋಲಿನ ಮುಖವನ್ನೂ ತೆರೆದುಬಿಡುತ್ತದೆ. ಆದ್ದರಿಂದ ಕೋಲನ್ನು ಅಂಗೈಯ ನಡುವೆ ಅಲ್ಲ, ಬೆರಳುಗಳ ಬುಡದಲ್ಲಿ ಇಟ್ಟು, ಎಡಗೈಯನ್ನು ಬಲಕ್ಕೆ ತಿರುಗಿಸಿ ಎರಡು ಗೆಣ್ಣು, ಬೇಕಾದರೆ ಎರಡೂವರೆ ಕಾಣುವ ಹಾಗೆ ಹಿಡಿಯಬೇಕು. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಗೆರೆ ಬಲ ಭುಜದ ಕಡೆ ತೋರಿಸಬೇಕು. ಬಲಗೈಯೂ ಹಾಗೆಯೇ. ಗಟ್ಟಿಯಾಗಿ ಹಿಂಡಬಾರದು, ಹಿಂಡಿದರೆ ಮಣಿಕಟ್ಟು ತಿರುಗುವುದಿಲ್ಲ.

ಈ ಹಿಡಿತ ಮೊದಲು ಬೇರೆಯವರ ಚಪ್ಪಲಿ ಹಾಕಿಕೊಂಡ ಹಾಗಿರುತ್ತದೆ. ಒಂದು ವಾರ ನನ್ನ ಚೆಂಡುಗಳೆಲ್ಲ ಎಡಗಡೆಯ ಬಲೆಗೆ ಹೋದವು. ನನಗೆ ಅಳು ಬರುವುದೊಂದು ಬಾಕಿ, ಮಾಮು ಮಾತ್ರ ಖುಷಿಯಾಗಿದ್ದರು. ಹಾದಿ ಮೊದಲಿನ ಹಾಗೇ ಎಡಕ್ಕಿತ್ತು, ಮುಖ ಈಗ ಅದಕ್ಕೆ ಸರಿಯಾಗಿ ಹೊಂದಿಕೊಂಡಿತ್ತು, ಆದ್ದರಿಂದ ಚೆಂಡು ಬಾಗದೆ ನೇರವಾಗಿ ಎಡಕ್ಕೇ ಹೋಗುತ್ತಿತ್ತು. ಎರಡನೇ ವಾರ ನಾನು ಏನೂ ಮಾಡದೆಯೇ ಮೈ ಎಡಕ್ಕೆ ಎಳೆಯುವುದನ್ನು ಸ್ವಲ್ಪ ಕಡಿಮೆ ಮಾಡಿತು.

ಉಳಿದದ್ದಕ್ಕೆ ನೀರಿನ ಖಾಲಿ ಬಾಟಲಿ ಸಾಕಾಯಿತು. ಚೆಂಡಿನ ಆಚೆ ಬದಿಗೆ, ಒಂದು ಗೇಣು ಹಿಂದೆ, ಬಾಟಲಿಯನ್ನು ಗುರಿಯ ದಿಕ್ಕಿಗೆ ಮಲಗಿಸಬೇಕು. ಕೋಲು ಹೊರಗಿನಿಂದ ಬಂದರೆ ಮೊದಲು ಬಾಟಲಿಗೇ ಬಡಿಯುತ್ತದೆ. ಮೊದಲ ದಿನ ಇಪ್ಪತ್ತರಲ್ಲಿ ಹನ್ನೊಂದು ಸಲ ಬಾಟಲಿ ಹಾರಿತು. ಆ ಸದ್ದಿಗೆ ಎಲ್ಲರೂ ತಿರುಗಿ ನೋಡುತ್ತಾರೆ, ನಾಚಿಕೆಯಿಂದಲೇ ಅರ್ಧ ಪಾಠ ಆಗಿಬಿಡುತ್ತದೆ. ಕೋಲು ಮೇಲಿನಿಂದ ಕೆಳಗೆ ಬರುವಾಗ ಭುಜದಿಂದ ಶುರು ಮಾಡುವುದು ನನ್ನ ತಪ್ಪಾಗಿತ್ತು. ಮೊದಲು ಭಾರ ಎಡಗಾಲಿಗೆ ಬರಬೇಕು, ಸೊಂಟ ತಿರುಗಲು ಶುರುವಾಗಬೇಕು, ತೋಳುಗಳು ಕೆಳಕ್ಕೆ ಇಳಿಯಬೇಕು, ಭುಜ ಕೊನೆಗೆ. ನಿಲ್ಲುವಾಗ ಎರಡೂ ಭುಜ ಗುರಿಯ ಗೆರೆಗೆ ಸಮಾಂತರವಾಗಿರಲಿ. ಪಾದದ ಮುಂದೆ ಒಂದು ಕೋಲು ಮಲಗಿಸಿಕೊಂಡರೆ ಮೋಸ ಆಗುವುದಿಲ್ಲ. ಚೆಂಡನ್ನು ಎಡಗಾಲಿನ ಹಿಮ್ಮಡಿಗಿಂತಲೂ ಮುಂದಕ್ಕೆ ಇಟ್ಟುಕೊಂಡರೆ ಭುಜ ತಾನಾಗಿ ಎಡಕ್ಕೆ ತೆರೆಯುತ್ತದೆ, ಅದನ್ನೂ ನೋಡಿಕೊಳ್ಳಬೇಕು. ತಲೆ ಎತ್ತಬೇಡ, ನಿಧಾನ ಹೊಡಿ ಎಂಬ ಸಲಹೆಗಳು ಎಲ್ಲರೂ ಕೊಡುತ್ತಾರೆ, ಸ್ಲೈಸಿಗೆ ಅವುಗಳಿಂದ ನನಗೆ ಏನೂ ಆಗಲಿಲ್ಲ.

ಮಾಮು ಇದನ್ನೆಲ್ಲ ಯಾವ ಯಂತ್ರವೂ ಇಲ್ಲದೆ ಕಲಿತವರು. ಚೆಂಡು ಎಲ್ಲಿಂದ ಹೊರಟಿತು ಎಂದು ನೋಡಿದರೆ ಮುಖ ತಿಳಿಯುತ್ತದೆ, ಎತ್ತ ಬಾಗಿತು ಎಂದು ನೋಡಿದರೆ ಹಾದಿ ತಿಳಿಯುತ್ತದೆ. ಐರನ್ ಹೊಡೆದಾಗ ಕಿತ್ತುಬಂದ ಹುಲ್ಲಿನ ಗುರುತು ಎಡಕ್ಕೆ ತಿರುಗಿದ್ದರೆ ಸಾಕ್ಷಿ ಇನ್ನೂ ಗಟ್ಟಿ. ಒಮ್ಮೆ ಅವರ ಜೊತೆ ನಡೆಯುತ್ತಿದ್ದಾಗ ಒಬ್ಬ ಸದಸ್ಯರು ಮೂರು ಚೆಂಡನ್ನು ಬಲಗಡೆಯ ಪೊದೆಗೆ ಕಳಿಸಿ "ಏನಾಯ್ತು?" ಎಂದು ಕೇಳಿದರು. "ಗಾಳಿ ಇತ್ತು ಸಾರ್" ಎಂದರು ಮಾಮು. ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆಮೇಲೆ ನಾನು ಕೇಳಿದ್ದಕ್ಕೆ, "ಕೇಳಿದರೂ ಹೇಳಬಾರದ ಕೆಲವು ಮಾತಿವೆ. ಚೀಲ ಹೊರುವವನು ಕಲಿಸಲು ಹೋದರೆ ನಾಳೆ ಬೇರೆಯವನನ್ನು ಕರೀತಾರೆ" ಎಂದರು. ನನಗೆ ಆ ಮಾತು ಸರಿಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು, 1993ರಲ್ಲಿ ಮತ್ತೆ ಗೆದ್ದರು. ನಮ್ಮ ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಶುರುಮಾಡಿದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಅದೇ ಪಂದ್ಯಾವಳಿ ಗೆದ್ದರು. ಈ ಎರಡು ಹೆಸರುಗಳನ್ನು ಮಾಮು ಬಹಳ ಪ್ರೀತಿಯಿಂದ ಹೇಳುತ್ತಾರೆ.

ಏಳನೇ ವಾರ ಫಜ್ರ್ ನಮಾಜ್ ಮುಗಿಸಿ ಹೋದಾಗ ಡ್ರೈವರ್ ಪೆಟ್ಟಿಗೆಯಿಂದ ಹೊರಗೆ ಬಂದಿತ್ತು. ಮಾಮು ನನ್ನನ್ನು ಎಡತುದಿಯಲ್ಲಿ ನಿಲ್ಲಿಸಿದರು, ಬಾಗಿದರೂ ಬಲಕ್ಕೆ ಜಾಗ ಇರಲಿ ಎಂದು. ಅಮ್ಮಿಯ ಟಾಲ್ಕಂ ಪೌಡರನ್ನು ಕೋಲಿನ ಮುಖಕ್ಕೆ ತೆಳುವಾಗಿ ಸವರಿದೆವು. ಚೆಂಡು ಎಲ್ಲಿ ತಗಲಿತು ಎಂಬ ಗುರುತು ಅದರ ಮೇಲೆ ಉಳಿಯುತ್ತದೆ. ಡ್ರೈವರಿನಲ್ಲಿ ಹಿಡಿಕೆಗೆ ಹತ್ತಿರದ ಭಾಗಕ್ಕೆ ತಗಲಿದರೂ ಚೆಂಡು ಬಲಕ್ಕೆ ಬಾಗುತ್ತದೆ, ಹಿಡಿತ ಎಷ್ಟೇ ಸರಿಯಿದ್ದರೂ. ನನ್ನ ಗುರುತುಗಳು ಅಲ್ಲೇ ಇದ್ದವು. ಅರ್ಧ ಅಂಗುಲ ಹಿಂದೆ ನಿಂತೆ, ಗುರುತು ನಡುವಿಗೆ ಬಂತು.

ಈಗಲೂ ಹತ್ತರಲ್ಲಿ ಎರಡು ಮೂರು ಚೆಂಡು ಬಲಕ್ಕೆ ಬಾಗುತ್ತವೆ, ಆದರೆ ಬಲೆಯ ಒಳಗೇ ಬೀಳುತ್ತವೆ. ದಣಿದಾಗ ಜಾಸ್ತಿ. ಆಗ ಡ್ರೈವರನ್ನು ಪೆಟ್ಟಿಗೆಗೆ ಹಾಕಿ ಏಳನೇ ಐರನ್ ತೆಗೆದುಕೊಂಡು, ಎಡಗೈಯ ಗೆಣ್ಣು ಎಣಿಸಿಕೊಂಡು, ಮತ್ತೆ ಬಾಟಲಿ ಮಲಗಿಸುತ್ತೇನೆ.